ಟವೆಲ್ಲಿನ ಕೆಳಗೆ ಜರ್ಮನಿ

ಎತ್ತಿನ ದಲ್ಲಾಳಿಗೂ ಲೋಕದ ದೊಡ್ಡ ಯುದ್ಧಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವೇನೂ ಇರಲಿಲ್ಲ. ನನ್ನ ಅಕ್ಕನ ಮಗಳ ಮದುವೆ ಮಾತುಕತೆಗೆ ಆ ಯುದ್ಧ ಹೇಳದೆ ಕೇಳದೆ ಬಂದು ಕೂತಿತು. ಎಬ್ಬಿಸಿ ಕಳಿಸುವ ಕೆಲಸ ನನ್ನ ಪಾಲಿಗೆ ಬಿತ್ತು.

ಎಪ್ಪತ್ತರ ದಶಕದ ನಡುವಿನ ಮಾತು. ನನ್ನ ಮನೆ ನ್ಯಾಮತಿಯಲ್ಲಿ. ಕಸುಬು ಕಲಿತದ್ದು ಚನ್ನಗಿರಿ ಸಂತೆಯಲ್ಲಿ, ಒಬ್ಬ ಸಾಬರ ಹಿಂದೆ ಓಡಾಡಿಕೊಂಡು. ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೈಗಳ ಮೇಲೆ ಟವೆಲ್ ಹಾಕಿ, ಅದರ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿಯುತ್ತಾರೆ. ಒಂದು ಬೆರಳಿಗೆ ಒಂದು, ಇಡೀ ಕೈಗೆ ಐದು. ಸುತ್ತ ನಿಂತವರಿಗೆ ಟವೆಲ್ ಅಲುಗುವುದಷ್ಟೇ ಕಾಣುತ್ತದೆ. ಇದೆಲ್ಲ ಗುಟ್ಟಿಗಾಗಿ ಎಂದು ಜನ ತಿಳಿದಿದ್ದಾರೆ. ನನ್ನ ಅನುಭವದಲ್ಲಿ ಇದು ಮಾನಕ್ಕಾಗಿ. ಹತ್ತು ಜನರೆದುರು ಒಂದು ಮಾತು ಆಡಿದವನು ಅದರಿಂದ ಕೆಳಗಿಳಿಯಲಾರ, ಟವೆಲ್ಲಿನ ಮರೆಯಲ್ಲಾದರೆ ಇಳಿಯುತ್ತಾನೆ. ನೀವು ಯಾವ ವ್ಯವಹಾರಕ್ಕೆ ಹೋದರೂ ಎದುರಿನವನಿಗೆ ಇಳಿಯಲು ಒಂದು ಮೆಟ್ಟಿಲು ಬಿಟ್ಟಿರಿ. ಇದಕ್ಕೆ ನಾನು ದಲ್ಲಾಳಿ ದುಡ್ಡು ಕೇಳುವುದಿಲ್ಲ, ಪುಕ್ಕಟೆ.

ಅಕ್ಕನ ಮನೆ ಹೊನ್ನಾಳಿಯಲ್ಲಿ. ಭಾವ ಶಾಲೆಯಲ್ಲಿ ಚರಿತ್ರೆ ಹೇಳಿ ಆಗಷ್ಟೇ ನಿವೃತ್ತರಾಗಿದ್ದರು. ಅವರ ಮಗಳು ಬಂದ ಗಂಡುಗಳನ್ನೆಲ್ಲ ಬೇಡವೆಂದು ಕಳಿಸಿ, ಜಗಳೂರಿನ ಒಬ್ಬ ಹುಡುಗನನ್ನು ಮಾತ್ರ ಒಪ್ಪಿದ್ದಳು. ಕಾರಣ ಕೇಳಿದೆ. ನೋಡಲು ಬಂದ ದಿನ ಅವನು ಉಪ್ಪಿಟ್ಟನ್ನು ತಟ್ಟೆ ಖಾಲಿಯಾಗುವಂತೆ ತಿಂದು, ಹೊರಡುವಾಗ ಅವಳಿಗೊಬ್ಬಳಿಗೇ ಕೇಳುವಂತೆ ಉಪ್ಪು ಒಂಚೂರು ಜಾಸ್ತಿಯಾಗಿತ್ತು ಎಂದನಂತೆ. ಅಷ್ಟೇ ಸಾಕಂತೆ ಅವಳಿಗೆ. ಮಾತುಕತೆಯ ದಿನ ಬೆಳಿಗ್ಗೆ ನನ್ನನ್ನು ಹಿತ್ತಲಿಗೆ ಕರೆದು, "ಮಾವ, ನೀನು ಸಾವಿರ ಎತ್ತು ಮಾರಿರಬಹುದು. ಇದೊಂದು ಕೆಡದಂಗೆ ನೋಡ್ಕೋ," ಎಂದಳು.

ಕೊಡುವ ತೆಗೆದುಕೊಳ್ಳುವ ವಿಷಯವೆಲ್ಲ ನಾನು ಮೊದಲೇ ಜಗಳೂರಿಗೆ ಹೋಗಿ ಹದಕ್ಕೆ ತಂದಿದ್ದೆ. ಉಳಿದಿದ್ದು ಹುಡುಗನ ತಂದೆ ಬಂದು ಎಲೆ ಅಡಿಕೆ ತೆಗೆದುಕೊಳ್ಳುವುದೊಂದೇ. ಅದು ಕೈಗೆ ಹೋಗುವ ತನಕ ನಮ್ಮಲ್ಲಿ ಯಾವ ಸಂಬಂಧವೂ ಗಟ್ಟಿಯಾದಂತಲ್ಲ. ಅವರು ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಸರಿಯಾದ ಹೊತ್ತಿಗೆ ಬಂದರು. ಹರೆಯದಲ್ಲಿ ಇಂಗ್ಲಿಷರ ಪಲ್ಟಣಕ್ಕೆ ಸೇರಿ, ಎರಡನೆಯ ಮಹಾಯುದ್ಧದಲ್ಲಿ ಆಫ್ರಿಕದ ಮರಳುಗಾಡಿನಲ್ಲಿ ಲಾರಿ ಓಡಿಸಿದ್ದವರು. ಮೀಸೆ ಇನ್ನೂ ಡ್ಯೂಟಿಯ ಮೇಲೆಯೇ ಇತ್ತು. ಮಂಡಕ್ಕಿ ಮುಗಿದು ಮೆಣಸಿನಕಾಯಿ ಬಜ್ಜಿ ಬರುವವರೆಗೆ ಎಲ್ಲ ಚೆನ್ನಾಗಿ ನಡೆಯಿತು.

ಭಾವ ಸುಮ್ಮನಿರಬಾರದೆ? ಬೀಗರ ಯುದ್ಧದ ಅನುಭವ ಕೇಳಿದರು. ಕೇಳಿದ್ದು ಒಳ್ಳೆಯದೇ, ಆದರೆ ಕೇಳಿ ಮುಗಿಸಿ ಪಾಠ ಶುರುಮಾಡಿದರು. ಮೊದಲ ಯುದ್ಧದಲ್ಲಿ ಸೋತ ಜರ್ಮನಿಯನ್ನು ಇಂಗ್ಲೆಂಡು, ಫ್ರಾನ್ಸು ಸೇರಿ ಹಿಂಡಿದ್ದೇ ಎರಡನೆಯದಕ್ಕೆ ಬೀಜವಾಯಿತು, ಆದ್ದರಿಂದ ತಪ್ಪು ಎರಡೂ ಕಡೆ ಸಮ ಸಮ ಎಂದರು. ಬೀಗರ ಬಜ್ಜಿ ಅರ್ಧಕ್ಕೇ ನಿಂತಿತು. ತಪ್ಪು ಹದಿನಾರಾಣೆಯೂ ಜರ್ಮನಿಯದೇ ಎಂದರು. ಭಾವ ಒಳಗಿನಿಂದ ಭೂಪಟ ತಂದರು. ಭೂಪಟ ತರುವ ಗಂಡಸಿನ ಜೊತೆ ಯಾವತ್ತೂ ವಾದಕ್ಕಿಳಿಯಬೇಡಿ. ಆದರೆ ಬೀಗರು ಇಳಿದರು.

"ಮೇಷ್ಟ್ರೇ, ನನ್ನ ಲಾರ್‍ಯಾಗೆ ಪಕ್ಕದಲ್ಲಿ ಕುಂತವನು ಅಲ್ಲೇ ಹೋದ. ತಪ್ಪು ಸಮ ಸಮ ಅಂದ್ರೆ ಅವನು ಯಾತಕ್ಕೆ ಸತ್ತಂಗಾಯ್ತು?"

ಭಾವ ತಣ್ಣಗೆ, ಚರಿತ್ರೆಗೆ ಕಣ್ಣೀರು ಸಾಕ್ಷಿಯಾಗುವುದಿಲ್ಲ ಎಂದುಬಿಟ್ಟರು. ಬೀಗರು ಎಲೆ ಅಡಿಕೆಯ ತಟ್ಟೆಯನ್ನು ಒಂದು ಕೈಯಿಂದ ದೂರ ಸರಿಸಿ, ಇನ್ನೊಂದು ಕೈಯಿಂದ ಬೂಟು ಎಳೆದುಕೊಂಡರು. ಅಡುಗೆಮನೆಯಲ್ಲಿ ಪಾತ್ರೆ ಸದ್ದು ನಿಂತಿತು. ಬಾಗಿಲಲ್ಲಿ ಅಕ್ಕನ ಮಗಳ ಮುಖ ಕಂಡಿತು.

ನನಗೆ ಚರಿತ್ರೆ ಗೊತ್ತಿಲ್ಲ. ಬಿಗಿದ ವ್ಯಾಪಾರ ಗೊತ್ತು. ಇಬ್ಬರ ನಡುವೆ ಹೋಗಿ ಕೂತು, ಬಲಗೈಯಲ್ಲಿ ಬೀಗರ ಕೈ, ಎಡಗೈಯಲ್ಲಿ ಭಾವನ ಕೈ ಹಿಡಿದು, ಹೆಗಲ ಟವೆಲ್ಲನ್ನು ಎಲ್ಲದರ ಮೇಲೆ ಹರಡಿಕೊಂಡೆ. ಅಕ್ಕ ಸೌಟು ಹಿಡಿದೇ ಹೊರಗೆ ಬಂದಳು.

"ಹೆಣ್ಣಿನ ಮಾತುಕತೇಲಿ ಟವೆಲ್ ಹಾಕ್ತೀಯೇನೋ? ನನ್ನ ಮಗಳೇನು ದನ ಅಂದ್ಕಂಡ್ಯಾ?"

"ಅವ್ವ, ಅದು ನನಗಲ್ಲ," ಎಂದಳು ಮಗಳು ಬಾಗಿಲಿನಿಂದ. "ಜರ್ಮನಿಗೆ."

ಬೀಗರ ಮೀಸೆ ಒಂದು ಸಲ ಅಲುಗಿತು. ನಾನು ಅದೇ ಸಮಯ ನೋಡಿ ವ್ಯಾಪಾರ ಶುರುಮಾಡಿದೆ. ಒಟ್ಟು ತಪ್ಪು ಹದಿನಾರಾಣೆ, ಅದರಲ್ಲಿ ಜರ್ಮನಿಯ ಪಾಲೆಷ್ಟು, ಬಾಯಲ್ಲಿ ಹೇಳುವಂತಿಲ್ಲ ಎಂದೆ. ಬೀಗರು ನನ್ನ ಕೈಯನ್ನು ಮೂರು ಸಲ ಇಡಿಯಾಗಿ ಅದುಮಿ ಮೇಲೊಂದು ಬೆರಳು ಹಿಡಿದರು, ಪೂರ್ತಿ ಹದಿನಾರು. ಭಾವನದು ಎಂಟು.

ಭಾವನಿಗೆ ಹೇಳಿದೆ: ಸೋತವನನ್ನು ಹಿಂಡಬಾರದಿತ್ತು, ಒಪ್ಪಿದೆ. ಸಂತೆಯಲ್ಲೂ ಅಷ್ಟೇ, ಎದುರಿನವನಿಗೆ ಊರಿಗೆ ಹೋಗಲು ಬಸ್ ಚಾರ್ಜನ್ನಾದರೂ ಬಿಡದೆ ವ್ಯಾಪಾರ ಮಾಡಿದವನು ಮುಂದಿನ ಸಂತೆಗೆ ಜಗಳ ಕೊಂಡುಕೊಂಡ ಹಾಗೆ. ಆದರೆ ಎತ್ತಿಗೆ ಹಗ್ಗ ಬಿಗಿಯಾಗಿ ಕಟ್ಟಿದ್ದಕ್ಕೂ, ಅದು ಹಗ್ಗ ಕಿತ್ತುಕೊಂಡು ಪಕ್ಕದ ಮನೆಗೆ ನುಗ್ಗಿ ಹಾಯ್ದದ್ದಕ್ಕೂ ಒಂದೇ ಬೆಲೆಯೆ? ಭಾವನ ಬೆರಳು ಯೋಚಿಸಿತು. ಹತ್ತಕ್ಕೆ ಬಂತು, ಆಮೇಲೆ ಹನ್ನೆರಡಕ್ಕೆ.

ಬೀಗರ ಕಡೆ ತಿರುಗಿದೆ. "ಯಜಮಾನ್ರೇ, ಹಗ್ಗ ಬಿಗಿದ ಇಂಗ್ಲಿಷರಿಗೂ ನಾಕಾಣೆ ಹಾಕಿದ್ರೆ ನಿಮ್ಮ ಜೊತೆಗಾರ ಸುಮ್ನೆ ಸತ್ತಂಗೆ ಆಗಲ್ಲ. ಅವನನ್ನ ಅಲ್ಲಿತನಕ ಕಳಿಸಿದ್ದಕ್ಕೆ ಅವರೂ ಲೆಕ್ಕ ಕೊಡಬೇಕಲ್ರೀ?"

ಬೀಗರ ದೊಡ್ಡ ಒರಟು ಕೈ ನನ್ನ ಕೈಯೊಳಗೆ ಬಿಸಿಯಾಗಿತ್ತು. ಆಮೇಲೆ ಹದಿನಾಲ್ಕಕ್ಕೆ ಇಳಿಯಿತು.

ಅಂತರ ಎರಡೇ ಆಣೆಗೆ ಬಂದಾಗ ದಲ್ಲಾಳಿ ಜಾಗ ಖಾಲಿ ಮಾಡಬೇಕು. ನಡುವಿನವನು ಇನ್ನೂ ಕೂತರೆ ಇಬ್ಬರೂ ಅವನ ಎದುರು ಗೆಲ್ಲಲು ನೋಡುತ್ತಾರೆ. ನನ್ನೆರಡೂ ಕೈ ಮೆಲ್ಲಗೆ ಎಳೆದುಕೊಂಡು, ಟವೆಲ್ಲನ್ನು ಅಲ್ಲೇ ಬಿಟ್ಟು ಎದ್ದೆ. ಕೆಳಗೆ ಈಗ ಅವರಿಬ್ಬರ ಕೈ ಮಾತ್ರ. ಟವೆಲ್ ಒಂದು ಸಲ ಏರಿತು, ಇಳಿಯಿತು, ನಿಂತಿತು. ಎಷ್ಟಕ್ಕೆ ಮುಗಿಯಿತೆಂದು ನಾನು ಕೇಳಲಿಲ್ಲ. ಆಮೇಲೆ ಅಕ್ಕ ಎಷ್ಟು ಪೀಡಿಸಿದರೂ ಭಾವ ಬಾಯಿ ಬಿಡಲಿಲ್ಲ.

ಬೀಗರು ಬೂಟನ್ನು ಮತ್ತೆ ಗೋಡೆಗೆ ಒರಗಿಸಿ, ಬಾಗಿಲ ಕಡೆ ನೋಡಿದರು.

"ಏನವ್ವಾ, ನಮ್ಮ ಮನ್ಯಾಗೂ ಜೋರು ಬಾಯಿ ಐತೆ. ನಾಳೆ ನಾನೂ ನನ್ನ ಮಗನೂ ಜಗಳಕ್ಕೆ ಬಿದ್ರೆ ನೀನು ಯಾರ ಕಡೆ?"

"ಯಾರು ಮೊದಲು ಶುರುಮಾಡ್ತಾರೋ ನೋಡ್ತೀನಿ," ಎಂದಳು ಅವಳು. "ಆಮೇಲೆ ಇಬ್ಬರನ್ನೂ ಊಟಕ್ಕೆ ಕರಿತೀನಿ."

ಬೀಗರು ಅವಳನ್ನು ಒಂದು ಗಳಿಗೆ ದಿಟ್ಟಿಸಿ, ತಟ್ಟೆಯನ್ನು ತಾವೇ ಹತ್ತಿರಕ್ಕೆ ಎಳೆದುಕೊಂಡು, ಎಲೆಯ ತೊಟ್ಟು ಮುರಿದರು.