ಮೂರು ಸಲ ಜಗ್ಗಿದ ಬೀಗ

ಮನೆಗೆ ಬೀಗ ಹಾಕಿದ ಮೇಲೆ ಅದನ್ನು ಮೂರು ಸಲ ಜಗ್ಗಿ ನೋಡದಿದ್ದರೆ ಡೊಂಬಿವಲಿ ಸ್ಟೇಶನ್ನು ತಲುಪುವವರೆಗೂ ನನ್ನ ಜೀವಕ್ಕೆ ಸಮಾಧಾನವಿಲ್ಲ. ಉಳಿದವರಿಗೆ ಪಿತ್ರಾರ್ಜಿತವಾಗಿ ಮನೆಯೋ ಒಡವೆಯೋ ಬಂದರೆ ನನಗೆ ಬಂದದ್ದು ಶಂಕೆ. ಉಡುಪಿಯಿಂದ ಮುಂಬಯಿಗೆ ಬಂದು ಜೀವಮಾನವಿಡೀ ಲೋಕಲ್ ರೈಲಿನಲ್ಲಿ ಆಫೀಸಿಗೆ ಓಡಾಡಿದ ಅಪ್ಪ, ನಿಂತ ಗಾಡಿಯನ್ನೇ ಬಿಟ್ಟು ಮುಂದಿನದಕ್ಕೆ ಕಾದರೇ ಹೊರತು ಹೊರಟದ್ದನ್ನು ಓಡಿ ಹಿಡಿದವರಲ್ಲ.

ಇಂಥವರ ಮಗಳು ಕತೆ ಬರೆಯತೊಡಗಿದರೆ ಏನಾಗಬೇಕು, ನೀವೇ ಹೇಳಿ! ಕಾಲೇಜಿನಲ್ಲಿದ್ದಾಗ ಕನ್ನಡ ಸಂಘದ ಸ್ಮರಣಸಂಚಿಕೆಗೆಂದು ನಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿಯ ಮೇಲೊಂದು ವಿನೋದ ಬರೆದೆ. ಅವರೂ ನಮ್ಮ ಕಡೆಯವರೇ. ಯಾರ ಮನೆಗೆ ಎಷ್ಟು ನೆಂಟರು ಬಂದಿದ್ದಾರೆಂದು ಬಾಗಿಲ ಬಳಿಯ ಚಪ್ಪಲಿ ಎಣಿಸಿ ಕಂಡುಹಿಡಿಯುತ್ತಿದ್ದ ಮಹಾನುಭಾವರು. ಅಪ್ಪ ಓದಿ, ನಗು ತಡೆಯಲಾರದೆ ಕೆಮ್ಮಿ, ಆಮೇಲೆ ಪೆನ್ಸಿಲ್ ಕೈಗೆತ್ತಿಕೊಂಡರು.

"ಲಾಯ್ಕುಂಟು ಮಗಾ. ಆದ್ರೆ ಬಿಲ್ಡಿಂಗಿನ ನೀರಿನ ವಾಲ್ವ್ ಅವರ ಕೈಯಲ್ಲುಂಟಲ್ಲ ಮಾರಾಯ್ತಿ! ಅವರನ್ನು ಬೇರೆ ಯಾರನ್ನಾದ್ರೂ ಮಾಡು."

ಮಾಡಿದೆ. ಕತೆಯಲ್ಲಿ ಸೆಕ್ರೆಟರಿ ಪಕ್ಕದೂರು ಕಲ್ಯಾಣದ ಹೋಟೆಲ್ ಮಾಲೀಕರಾದರು. ಚಪ್ಪಲಿಯ ಬದಲು ಗಿರಾಕಿಗಳ ತಟ್ಟೆಯ ಇಡ್ಲಿ ಎಣಿಸತೊಡಗಿದರು. ಸಂಚಿಕೆ ಬಂದಾಗ ಸೆಕ್ರೆಟರಿ ಮನೆಗೇ ಬಂದು ಬೆನ್ನು ತಟ್ಟಿದರು. ಆದರೆ ಕಲ್ಯಾಣದಲ್ಲಿ ನಿಜವಾಗಿಯೂ ಹೋಟೆಲಿಟ್ಟಿದ್ದ ನನ್ನ ದೊಡ್ಡಪ್ಪ ಎರಡು ವರ್ಷ ಚೌತಿಗೆ ನಮ್ಮ ಮನೆ ಮೆಟ್ಟಲಿಲ್ಲ. ಎಚ್ಚರಿಕೆಗೂ ಎಚ್ಚರಿಕೆ ಬೇಕೆಂದು ಅಪ್ಪನಿಗೂ ನನಗೂ ಒಟ್ಟಿಗೇ ತಿಳಿದದ್ದು ಆಗ.

ಅಂದಿನಿಂದ ಒಬ್ಬರ ಮೂಗಿಗೆ ಇನ್ನೊಬ್ಬರ ಮೀಸೆ ಅಂಟಿಸುತ್ತ, ಥಾಣೆಯ ಜಗಳವನ್ನು ವಾಶಿಗೆ ಸಾಗಿಸುತ್ತ ಬರೆದುಕೊಂಡು ಬಂದೆ. ಸಹೃದಯರು ಇದನ್ನು ಕಲ್ಪನಾಶಕ್ತಿಯೆಂದು ಹೊಗಳುವಾಗ ನಾನು ವಿನಯದಿಂದ ತಲೆ ತಗ್ಗಿಸುತ್ತೇನೆ. ಅದು ಬರೀ ಪುಕ್ಕಲುತನವೆಂದು ಹೇಳಿ ಅವರ ಸಂತೋಷವನ್ನೇಕೆ ಕೆಡಿಸಲಿ?

ಕಳೆದ ತಿಂಗಳು ನನ್ನ ಹೊಸ ಸಂಕಲನವನ್ನು ಅಪ್ಪನ ಕೈಗಿಟ್ಟೆ. ಎಂಬತ್ತು ದಾಟಿದ ಅವರು ನಾಲ್ಕು ದಿನ ಕೂತು ಪ್ರತಿ ಪುಟ ಓದಿದರು. ಪೆನ್ಸಿಲ್ ಹತ್ತಿರವೇ ಇದ್ದರೂ ಮುಟ್ಟಲಿಲ್ಲ. ಪುಸ್ತಕ ಮುಚ್ಚಿ ಕೇಳಿದರು: "ಎಲ್ಲರೂ ಇದ್ದಾರೆ. ನಾನು ಎಲ್ಲಿ?"

ಹದಿನೇಳನೆಯ ಪುಟದಲ್ಲಿ ಗ್ಯಾಸಿನ ನಾಬನ್ನು ಮತ್ತೆ ಮತ್ತೆ ಮುಟ್ಟಿ ನೋಡುವ ವಿಧವೆ ಅವರೇ, ಕೊನೆಯ ಕತೆಯಲ್ಲಿ ನಿಂತ ಗಾಡಿಯನ್ನು ಹತ್ತದೆ ಮುಂದಿನದಕ್ಕೆ ಕಾಯುವ ಮೇಷ್ಟರೂ ಅವರೇ ಎಂದು ವಿವರಿಸಿದೆ. ಅವರು ಗುರುತೇ ಹಿಡಿದಿರಲಿಲ್ಲ. ಅವರು ಕಲಿಸಿದ ವಿದ್ಯೆಯಿಂದ ಅವರನ್ನೇ ಕಾಣದಂತೆ ಮಾಡಿಬಿಟ್ಟಿದ್ದೆ.

"ನನ್ನನ್ನು ಅಡಗಿಸುವುದು ಬೇಡ ಮಗಾ," ಎಂದರು. "ಹೆಸರು ಹಾಕಿಯೇ ಬರಿ. ನಾನೇನು ನಿನ್ನ ನೀರು ನಿಲ್ಲಿಸ್ತೇನಾ?"

ಆದ್ದರಿಂದ ಓದುಗರೇ, ಇದೋ ಬರೆದೆ. ಅಪ್ಪನ ಹೆಸರು ವಾಸುದೇವ. ನಮ್ಮ ಮನೆಯ ಬೀಗವನ್ನು ಮೊದಲು ಮೂರು ಸಲ ಜಗ್ಗಿದವರು ಅವರೇ.