ಕೆಡಿಸಿ ಕಲಿಸಿದಾಕೆ

ಇನ್ನೂ ಬೆಳಗಿನ ಆರೂವರೆ. ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಯೋಗಾಲಯದ ಬಾಗಿಲು ತೆರೆದು ಆಕೆ ಹನ್ನೊಂದು ಮೇಜುಗಳ ದೂಳು ಒರೆಸುತ್ತಾರೆ. ಬಟ್ಟೆ ಮೇಜಿನ ಮೇಲಷ್ಟೇ ಓಡಾಡುತ್ತದೆ; ಉಪಕರಣದ ಹತ್ತಿರ ಬಂದೊಡನೆ ಕೈ ತಾನಾಗಿ ಹಿಂದೆ ಸರಿಯುತ್ತದೆ. ಯಾವುದನ್ನೂ ಮುಟ್ಟಬಾರದೆಂಬ ಆದೇಶ ಬಂದು ಎಂಟು ತಿಂಗಳಾಯಿತು.

ಅದಕ್ಕೂ ಮುಂಚಿನ ಇಪ್ಪತ್ತಮೂರು ವರ್ಷ ಇದೇ ಹೊತ್ತಿನಲ್ಲಿ ಈ ಸಹಾಯಕಿ ಮಾಡುತ್ತಿದ್ದದ್ದು ಬೇರೆಯೇ ಕೆಲಸ: ಸರಿಯಾಗಿರುವುದನ್ನು ಕೆಡಿಸುವುದು. ಒಂದು ಮೇಜಿನಲ್ಲಿ ತಂತಿಯ ತುದಿ ಸಡಿಲ. ಇನ್ನೊಂದರಲ್ಲಿ, ಗಾಳಿ ಹೊರತೆಗೆಯುವ ಪಾತ್ರೆಯ ರಬ್ಬರ್ ಬಳೆಯ ಕೆಳಗೆ ಒಂದು ಕೂದಲೆಳೆ. ಗುಡಿಸಲೆಂದು ಬಂದವರಿಗೆ ಈ ವಿದ್ಯೆ ಹೇಳಿಕೊಟ್ಟವರು ಆಗಿನ ಪ್ರೊಫೆಸರ್. ಎಲ್ಲವೂ ಸಲೀಸಾಗಿ ನಡೆದರೆ ಎಂ.ಎಸ್ಸಿ. ಮಕ್ಕಳು ಗುಂಡಿ ಒತ್ತುವುದನ್ನಷ್ಟೇ ಕಲಿಯುತ್ತಾರೆ ಎಂದಿದ್ದರಂತೆ. ಯಾವ ದಿನ ಯಾವ ಮೇಜಿನಲ್ಲಿ ಏನು ಕೆಡಿಸಿದೆ ಎಂದು ಆಕೆ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಪ್ರಯೋಗ ಮುಗಿದ ಸಂಜೆ ಸರಿಪಡಿಸಿ ಗುರುತು ಹಾಕುತ್ತಿದ್ದರು. ಯಾರಾದರೂ ಸೋತು ಕೂತರೆ ವರಾಂಡಕ್ಕೆ ಕರೆದು ತಮ್ಮ ಫ್ಲಾಸ್ಕಿನಿಂದ ಅರ್ಧ ಲೋಟ ಟೀ ಬಗ್ಗಿಸಿ ಕೊಡುತ್ತಿದ್ದರು. ಉತ್ತರ ಮಾತ್ರ ಹೇಳುತ್ತಿರಲಿಲ್ಲ. "ಕಣ್ಣಲ್ಲಿ ನೋಡಿದ್ದು ಸಾಕಪ್ಪಾ, ಇನ್ನು ಬೆರಳಲ್ಲಿ ಹುಡುಕು," ಎಂದು ಕಳಿಸುತ್ತಿದ್ದರು.

ಕಳೆದ ವರ್ಷ, ಮೂರು ದಿನ ಒದ್ದಾಡಿದರೂ ತಪ್ಪು ಸಿಗದ ಹುಡುಗನೊಬ್ಬನ ತಂದೆ ದೂರು ಕೊಟ್ಟರು. ವಿಚಾರಣೆಯಲ್ಲಿ ಆಕೆ ನಂಬಿಕೊಂಡು ಮುಂದಿಟ್ಟದ್ದು ಅದೇ ನೋಟ್‌ಬುಕ್ಕನ್ನು. ಅದೇ ತಪ್ಪೊಪ್ಪಿಗೆಯಾಯಿತು. ನಿವೃತ್ತರಾಗಿದ್ದ ಆ ಪ್ರೊಫೆಸರರನ್ನೂ ಕರೆಸಿದರು. ಅವರು ಕನ್ನಡಕ ಒರೆಸಿಕೊಂಡು, ಹಾಗೆ ಹೇಳಿದ ನೆನಪಿಲ್ಲ ಎಂದು ಕೈ ತೊಳೆದುಕೊಂಡರು.

"ನೀರು ಬೇಕಾ ಸರ್ ಅಂತ ಕೇಳ್ದೆ. ಪಾಪ, ಗಂಟಲು ಒಣಗಿತ್ತು ಅವರಿಗೆ," ಎನ್ನುತ್ತಾರೆ ಆಕೆ.

ವರದಿ ಟೈಪು ಮಾಡುತ್ತಿದ್ದ ಹುಡುಗಿ, 'ಹಾಳುಗೆಡವಿದ್ದಾರೆ' ಎಂಬಲ್ಲಿ 'ಸಡಿಲಿಸಿದ್ದಾರೆ' ಎಂದು ಹಾಕಲು ಹೋಗಿ ಬೈಸಿಕೊಂಡಳು. ಪದ ಹಾಗೇ ಉಳಿಯಿತು. ಸಹಾಯಕಿಯ ನಿವೃತ್ತಿಗೆ ಇನ್ನು ಐದೇ ತಿಂಗಳು. ಆ ಪದವನ್ನು ಕಡತದಿಂದ ತೆಗೆಯಿರಿ ಎಂದು ಕೊಟ್ಟ ಎರಡು ಅರ್ಜಿಗೂ ಉತ್ತರವಿಲ್ಲ. ಮನೆಯಲ್ಲಿ ಮಿಕ್ಸಿ ನಿಂತರೆ ದರ್ಜಿ ಗಂಡ, "ಇದೂ ನಿನ್ನ ಪಾಠಾನೇನೇ?" ಎಂದು ನಗಿಸಲು ನೋಡುತ್ತಾರೆ. ಆಕೆಗೆ ನಗು ಬರುವುದಿಲ್ಲ.

ಕಳೆದ ವಾರ ಬೆಳಕಿನ ಉಂಗುರಗಳನ್ನು ಎಣಿಸುವ ಮೇಜಿನಲ್ಲಿ ಕನ್ನಡಿ ಸರಿಸುವ ತಿರುಪು ಸವೆದು, ಯಾರೂ ಕೆಡಿಸದೆ ತಾನಾಗಿಯೇ ಜಾರತೊಡಗಿದೆ. ವಿದ್ಯಾರ್ಥಿಗಳು ತಿರುಗಿಸುವ ಸದ್ದಿನಲ್ಲೇ ಆಕೆಗೆ ಅದು ತಿಳಿಯಿತು. ತಿರುಗಿಸಿದಷ್ಟು ಕನ್ನಡಿ ಸರಿಯುವುದಿಲ್ಲ, ಲೆಕ್ಕ ತಪ್ಪಲೇಬೇಕು. ಆದರೆ ಜೋಡಿಸಿಡಲು ಕೈಗೆ ಬಂದ ವಿದ್ಯಾರ್ಥಿಗಳ ಹತ್ತೊಂಬತ್ತು ಪ್ರಯೋಗ ರೆಕಾರ್ಡುಗಳಲ್ಲೂ ಇದ್ದದ್ದು ಪಠ್ಯಪುಸ್ತಕದ ಉತ್ತರವೇ, ಕೊನೆಯ ಅಂಕಿಯವರೆಗೆ. ಹೊಸ ಮುಖ್ಯಸ್ಥರಿಗೆ ಹೇಳಿದರೆ, ಫಲಿತಾಂಶ ಚೆನ್ನಾಗಿಯೇ ಬರುತ್ತಿದೆಯಲ್ಲಮ್ಮ, ನಿಮಗೇಕೆ ಆ ಉಸಾಬರಿ ಎಂದರು.

"ನಾನು ಕೆಡಿಸ್ತಿದ್ದಾಗ ತಪ್ಪು ಉತ್ತರ ಬರ್ತಿತ್ತು. ಅದನ್ನ ಬಂದ ಹಾಗೇ ಬರೆಯೋ ಧೈರ್ಯ ಮಕ್ಕಳಿಗಿತ್ತು," ಎನ್ನುತ್ತಾ ಆಕೆ ಬಟ್ಟೆ ಹಿಂಡುತ್ತಾರೆ.

ಮೂರನೇ ಅರ್ಜಿ ಬರೆಯುವ ಮನಸ್ಸು ಆಕೆಗಿಲ್ಲ. ಕಡತದಲ್ಲಿ ಏನಾದರೂ ಇರಲಿ, ಈಗ ಬೇಕಿರುವುದು ಬೇರೆ.

"ನಾನು ಹೋಗೋದ್ರೊಳಗೆ ಒಬ್ಬರಾದ್ರೂ ಬಂದು, ಅಕ್ಕಾ, ನಂಗೆ ಉತ್ತರ ತಪ್ಪು ಬರ್ತಿದೆ ಅನ್ಬೇಕು. ಅಷ್ಟೇ. ತಪ್ಪು ಎಲ್ಲಿದೆ ಅಂತ ಆಗ್ಲೂ ನಾನು ಹೇಳಲ್ಲ."