ಜೀನ್ಸ್ ಚಿಂದಿಯಲ್ಲಿ ಸುತ್ತಿದ ರಕ್ತ

ರಾಯದುರ್ಗದ ತುಂಬ ಜೀನ್ಸ್ ಹೊಲಿಯುವ ಶೆಡ್ಡುಗಳು ಎದ್ದಿದ್ದ ವರ್ಷಗಳವು. ಒಡೆಯುವ ವಸ್ತು ಯಾವುದಿದ್ದರೂ ನಾವು ಜೀನ್ಸ್ ಚಿಂದಿಯಲ್ಲೇ ಸುತ್ತುತ್ತಿದ್ದೆವು: ಬಳೆ, ಮೊಟ್ಟೆ, ದೇವರ ಫೋಟೋ. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದ ನಾನು ರಕ್ತದ ಟ್ಯೂಬುಗಳನ್ನೂ ಹಾಗೇ ಸುತ್ತಿ ತರುತ್ತಿದ್ದೆ. ಮೊದಲಿನಿಂದಲೂ ನಾನು ಪುಕ್ಕಲಿ. ಟ್ಯೂಬು ಒಡೆದೀತೆಂದು ಹೆದರುತ್ತಿದ್ದೆನೇ ಹೊರತು, ಬಿಸಿಲಿಗೆ ಹೆದರಬೇಕೆಂದು ಗೊತ್ತೇ ಇರಲಿಲ್ಲ.

ಆ ಬೇಸಿಗೆಯಲ್ಲಿ ಗುಮ್ಮಘಟ್ಟದ ನನ್ನಕ್ಕ ಎರಡನೆಯ ಬಾರಿ ಬಸುರಿ. ಮನೆಯಲ್ಲೇ ಮಿಷನ್ ಇಟ್ಟುಕೊಂಡು ಪ್ಯಾಂಟಿನ ಜೇಬು ಹೊಲಿಯುತ್ತಿದ್ದಳು. ಮೊದಲನೆಯ ಕೂಸು ದಿನ ತುಂಬುವ ಹೊತ್ತಿಗೆ ಹೊಟ್ಟೆಯಲ್ಲೇ ಹೋಗಿತ್ತು. ಆಗ ಪರೀಕ್ಷೆಗಳೆಲ್ಲ ಸರಿಯಾಗಿಯೇ ಬಂದಿದ್ದವು. ಈ ಸಲ ಡಾಕ್ಟರಮ್ಮ ಊಟವಾದ ಎರಡು ಗಂಟೆಗೆ ಸಕ್ಕರೆ ನೋಡಿಸಲು ಹೇಳಿದ್ದರು. ನಾನೇ ಹೋಗಿ ರಕ್ತ ತೆಗೆದೆ. ಸಕ್ಕರೆಗೆಂದೇ ಇರುವ ಬೂದು ಮುಚ್ಚಳದ ಟ್ಯೂಬು ಮುಗಿದಿತ್ತು. ಸಾದಾ ಟ್ಯೂಬಿಗೆ ಹಾಕಿ, ಚಿಂದಿ ಸುತ್ತಿ, ರಾಯದುರ್ಗದ ಶೇರ್ ಆಟೋ ಹತ್ತಿದೆ. ಜನ ತುಂಬದೆ ಅದು ಹೊರಡುವುದುಂಟೇ! ಎರಡು ಗಂಟೆ ಬಿಸಿಲಲ್ಲಿ ಕೂತೆವು, ನಾನೂ ಆ ಗಂಟೂ.

ಸಕ್ಕರೆ ನೂರಾ ಇಪ್ಪತ್ತೆಂಟು ಬಂತು. ನೂರಾ ನಲವತ್ತರ ಗಡಿಯೊಳಗೆ. ಅಕ್ಕನಿಗೆ ಫೋನು ಮಾಡಿ, "ಏನೂ ಇಲ್ಲಕ್ಕ, ಆರಾಮಿರು" ಎಂದೆ. ಖುಷಿಗೆ ಅತ್ತೇಬಿಟ್ಟಳು.

ಅಷ್ಟರಲ್ಲಿ ಲ್ಯಾಬಿನ ಹಿರಿಯ ಟೆಕ್ನಿಷಿಯನ್ ಟ್ಯೂಬಿನ ಮುಚ್ಚಳ ನೋಡಿದರು. "ಯಾಕ ಇದ್ರಾಗ ತಂದಿ? ತೆಗೆದು ಎಷ್ಟೊತ್ತಾತು?"

"ಮೂರು ತಾಸಾತ್ರಿ ಸರ್. ರೂಮ್ ಟೆಂಪರೇಚರ್‌ನಾಗ ಇತ್ತು. ಟ್ಯೂಬಿನ ಡಬ್ಬಿ ಮ್ಯಾಲೆ ಹಂಗ ಇಡ್ರಿ ಅಂತ ಬರದಾರಲ್ರಿ."

ಅವರು ಗೋಡೆಯ ಥರ್ಮಾಮೀಟರ್ ತೋರಿಸಿದರು. ನಲವತ್ತೊಂದು ಡಿಗ್ರಿ.

"ಡಬ್ಬಿ ಮ್ಯಾಲಿನ ರೂಮು ಇಪ್ಪತ್ತು, ಇಪ್ಪತ್ತೈದು ಡಿಗ್ರೀದವ್ವ. ಅದು ನಮ್ಮ ರೂಮಲ್ಲ. ಈ ಕಾವಿನಾಗ ರಕ್ತ ಸುಮ್ನಿರಂಗಿಲ್ಲ, ತನ್ನ ಸಕ್ಕರಿ ತಾನ ತಿಂತೈತಿ."

ಮಾರನೆಯ ದಿನ ಬೂದು ಮುಚ್ಚಳದ ಟ್ಯೂಬು ಹುಡುಕಿಕೊಂಡು, ಊಟದ ಡಬ್ಬಿಗೆ ಐಸು ತುಂಬಿಕೊಂಡು, ಒಂದಿಡೀ ಆಟೋ ಗೊತ್ತುಮಾಡಿಕೊಂಡು ಹೋಗಿ ಬಂದೆ. ಈಗ ಸಕ್ಕರೆ ನೂರಾ ಎಪ್ಪತ್ತೆರಡು. ಡಾಕ್ಟರಮ್ಮ ಪಥ್ಯ ಹೇಳಿ ಇನ್ಸುಲಿನ್ ಶುರು ಮಾಡಿದರು.

"ಸಿಕ್ತಲ್ಲ, ಬಿಡು," ಎಂದಳು ಅಕ್ಕ. ಆಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೇಳಿದಳು: "ಮದ್ಲಿನ ಸಲ ಮಾತ್ರ ಸಕ್ಕರಿ ಸರಿ ಇತ್ತಲ್ಲೇನು?"

"ಸರಿ ಇತ್ತಕ್ಕ," ಎಂದೆ.

ಅವಳ ಮಗಳು ಈಗ ಶಾಲೆಗೆ ಹೋಗುತ್ತಾಳೆ, ನನ್ನ ಜಡೆ ಎಳೆದು ಆಡುತ್ತಾಳೆ. ಅಕ್ಕ ಮತ್ತೆ ಆ ಮಾತು ಎತ್ತಿಲ್ಲ. ಎತ್ತಿಯಾಳೆಂಬ ಹೆದರಿಕೆ ಮಾತ್ರ ನನಗೆ ಹೋಗಿಲ್ಲ. ಆ ಮೊದಲಿನ ಸಲವೂ ಬೇಸಿಗೆಯೇ. ಆ ರಕ್ತವನ್ನು ಸಾದಾ ಟ್ಯೂಬಿಗೆ ಹಾಕಿ, ಚಿಂದಿ ಸುತ್ತಿ, ಆಟೋದಲ್ಲಿ ತಂದವಳೂ ನಾನೇ.